ಕಾಲರಿನೊಳಗಿನ ಕಾಗದ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯನ್ನು ಅಕ್ಕನ ಬಾಯಲ್ಲಿ ಕೇಳಿದರೆ ಅವಳು ಶುರು ಮಾಡುವುದೇ ಅಲ್ಲಿಂದ. ತಂಗಿಗೆ ಸ್ವಲ್ಪ ಮುಂಗೋಪ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಗಿರಾಕಿಗಳ ಹತ್ತಿರ ನಕ್ಕು ಹೇಳಿ ಹೇಳಿ, ನಾನು ಏನು ಅಂದರೂ ಅದು ಬರೀ ಕೋಪ ಎನ್ನುವ ಹಾಗೆ ಮಾಡಿಟ್ಟಿದ್ದಾಳೆ. ಇರಲಿ, ಕೋಪವೇ ಅಂದುಕೊಳ್ಳಿ. ಆದರೆ ಪೂರ್ತಿ ಕೇಳಿ.

ನಮ್ಮದು ಬಟ್ಟೆ ರಿಪೇರಿ ಅಂಗಡಿ. ನಮ್ಮದು ಅಂದರೆ ಅಕ್ಕನದು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಹರಿದ ಕೋಟಿಗೆ ಹೊಸ ಅಸ್ತರು ಹಾಕುವುದು, ಇಂಥ ಕೆಲಸ. ಮುಂದೆ ಗಾಜಿನ ಬಾಗಿಲು, ತಳ್ಳಿದರೆ ಟಿಣ್ ಎನ್ನುವ ಗಂಟೆ, ಕೌಂಟರು. ನಡುವೆ ಎರಡು ಮಿಷನ್ನು, ಒಂದು ಇಸ್ತ್ರಿ ಮೇಜು. ಹಿಂದೆ ಕಿಟಕಿಯಿಲ್ಲದ ಕೋಣೆ. ಅದರಲ್ಲಿ ಬಟ್ಟೆಯ ಥಾನುಗಳು, ಬಟ್ಟೆಯ ಮೇಲಿಟ್ಟು ಕತ್ತರಿಸುವ ಮಾದರಿ ಕಾಗದಗಳ ಕಟ್ಟುಗಳು, ಅವುಗಳ ನಡುವೆ ನನ್ನ ಮಂಚ. ಅಕ್ಕ ಮಹಡಿಯ ಮೇಲೆ ಇರುತ್ತಾಳೆ. ಬಾಗಿಲಿನ ಕೆಳಗಿನ ಸಂದಿಯಿಂದ ಅಂಚೆ ಬೀಳುತ್ತದೆ, ಅದನ್ನು ಎತ್ತಿಕೊಳ್ಳುವವಳು ಅಕ್ಕ.

ಅದು ಈ ಪರದೇಶಕ್ಕೆ ಬಂದ ಮೇಲಿನ ಪದ್ಧತಿಯಲ್ಲ. ಚಿಕ್ಕಂದಿನಿಂದ ನಮ್ಮ ಮನೆಗೆ ಬಂದ ಯಾವ ಕಾಗದವನ್ನಾದರೂ ಅಕ್ಕನೇ ಒಡೆಯಬೇಕು, ಅಕ್ಕನೇ ಓದಬೇಕು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಅಮ್ಮನಿಗೆ ಪುರುಸೊತ್ತಿರಲಿಲ್ಲ, ನಾನು ಹತ್ತು ವರ್ಷ ಚಿಕ್ಕವಳು. ಅಪ್ಪ ದರ್ಜಿ. ಅವನಿಗೆ ಕಾಗದ ಅಂದರೆ ಅದರಲ್ಲಿ ಏನು ಬರೆದಿದೆ ಅನ್ನುವುದಲ್ಲ, ಎಷ್ಟು ದಪ್ಪವಿದೆ ಅನ್ನುವುದು. ಯಾವ ಕಾಗದ ಕೈಗೆ ಬಂದರೂ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಲ ಉಜ್ಜಿ ನೋಡುತ್ತಿದ್ದ. ಬಿರುಸಾಗಿದ್ದರೆ ಕತ್ತರಿ ಹಾಕಿ ತೋಳಿನದೋ ಜೇಬಿನದೋ ಮಾದರಿ ಮಾಡಿಡುತ್ತಿದ್ದ. ಕ್ಯಾಲೆಂಡರು, ಮದುವೆ ಪತ್ರಿಕೆ, ಸೀರೆ ಡಬ್ಬದ ರಟ್ಟು, ಏನನ್ನೂ ಬಿಟ್ಟವನಲ್ಲ. ನನ್ನ ಏಳನೇ ತರಗತಿಯ ಅಂಕಪಟ್ಟಿ ಯಾರದೋ ಅಂಗಿಯ ಜೇಬಾಗಿತ್ತು. ನಾನು ಅತ್ತು ಕರೆದು ರಂಪ ಮಾಡಿದಾಗ, ಗಣಿತದಲ್ಲಿ ತೆಗೆದ ಅಂಕಕ್ಕೆ ಜೇಬೇ ಸರಿಯಾದ ಜಾಗ ಅಂದಿದ್ದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಪ್ಪ ಹೋದ ಮೇಲೆ ಆ ಬೆರಳು ಉಜ್ಜುವ ಚಾಳಿ ಅಕ್ಕನಿಗೆ ಬಂತು.

ಅಕ್ಕ ಇಲ್ಲಿಗೆ ಬಂದು ಹದಿನಾರು ವರ್ಷ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿದಳು. ನನ್ನ ಗಂಡ ಇನ್ನೊಂದು ಸಂಸಾರ ಹೂಡಿ ನನ್ನನ್ನೂ ಮಗಳನ್ನೂ ನಡುನೀರಿನಲ್ಲಿ ಕೈಬಿಟ್ಟಾಗ, ನೀನು ಬಾ, ನಾನಿದ್ದೀನಿ ಅಂದವಳು ಅವಳೊಬ್ಬಳೇ. ಅದನ್ನು ನಾನು ಇವತ್ತಿಗೂ ಇಲ್ಲ ಅನ್ನುವುದಿಲ್ಲ. ಕೆಲಸದ ವೀಸಾದ ಮೇಲೆ ಕರೆಸಿಕೊಂಡಳು. ಆ ವೀಸಾದಲ್ಲಿ ಈ ಅಂಗಡಿಯ ಹೆಸರಿದೆ. ಈ ಅಂಗಡಿಯಲ್ಲಿ ಕೆಲಸವಿದ್ದರೆ ನಾನು ಈ ದೇಶದಲ್ಲಿ ಉಂಟು, ಇಲ್ಲದಿದ್ದರೆ ಇಲ್ಲ.

ಮಗಳಿಗೆ ಆಗ ಹನ್ನೊಂದು. ಅವಳನ್ನು ನಮ್ಮ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದೆ. ಬಿಡುವಾಗ ಬಾಗಿಲ ಹತ್ತಿರ ನಿಂತು ಎಷ್ಟು ದಿನ ಅಂತ ಕೇಳಿದಳು. ಸ್ವಲ್ಪ ದಿನ ಪುಟ್ಟಿ ಅಂದೆ. ಖಾಯಂ ವಾಸದ ಪರವಾನಗಿ, ಎಲ್ಲರೂ ಪಿ.ಆರ್. ಅನ್ನುತ್ತಾರಲ್ಲ, ಅದು ಸಿಕ್ಕರೆ ಮಗಳನ್ನೂ ಅದರಲ್ಲೇ ಸೇರಿಸಿ ಕರೆಸಿಕೊಳ್ಳಬಹುದು. ಆದರೆ ಹದಿನೆಂಟು ತುಂಬುವುದರೊಳಗೆ. ಆಮೇಲೆ ಅವಳು ದೊಡ್ಡವಳು, ಅವಳ ದಾರಿ ಅವಳದು, ನನ್ನ ಕಾಗದಕ್ಕೂ ಅವಳಿಗೂ ಸಂಬಂಧವಿಲ್ಲ. ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಅರ್ಜಿ ಹಾಕಲು ಅರ್ಹತೆ ಬಂತು. ಅಕ್ಕನೇ ತುಂಬಿದಳು. ಅವಳು ತೋರಿಸಿದ ಕಡೆಯಲ್ಲೆಲ್ಲ ನಾನು ಸಹಿ ಹಾಕಿದೆ. ಫೋನ್ ನಂಬರು ಅವಳದು, ಈಮೇಲು ಅವಳದು, ವಿಳಾಸ ಅಂಗಡಿಯದು.

ಅಲ್ಲಿಂದ ಮೂರು ವರ್ಷ. ತಿಂಗಳಿಗೊಂದು ಸಲವಾದರೂ ಕೇಳುತ್ತಿದ್ದೆ. ಇನ್ನೂ ಬಂದಿಲ್ಲ, ಇವರದು ಆಮೆಯ ಕೆಲಸ ಅನ್ನುತ್ತಿದ್ದಳು. ನಾನು ಅದೇ ಮಾತನ್ನು ಭಾನುವಾರ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದೆ. ನನಗೆ ಈ ಊರಿನ ಭಾಷೆ ಸೊಂಟ ಬಿಗಿಯೋ ಸಡಿಲವೋ ಎಂದು ಕೇಳುವಷ್ಟು ಬರುತ್ತದೆ. ಸರ್ಕಾರದವರು ಬರೆಯುವ ಭಾಷೆ ಬೇರೆ. ಅಕ್ಕ ಇರುವಾಗ ನನಗ್ಯಾಕೆ ಆ ತಲೆನೋವು ಅಂದುಕೊಂಡಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಈ ವರ್ಷ ಅಕ್ಕನಿಗೆ ಪೌರತ್ವ ಮಂಜೂರಾಯಿತು. ಶುಕ್ರವಾರ ಪ್ರಮಾಣವಚನ. ಹಿಂದಿನ ಸೋಮವಾರ ಬೆಳಿಗ್ಗೆ ಒಂದು ನೀಲಿ ಬಟ್ಟೆಯನ್ನು ನನ್ನ ಮಿಷನ್ನಿನ ಮೇಲೆ ಹಾಕಿ, ಕೋಟು ಹೊಲಿದುಕೊಡು, ಕಾಲರು ಎದ್ದು ನಿಲ್ಲಬೇಕು ನೋಡು ಅಂದಳು. ಹೋದ ವರ್ಷವೇ ತನ್ನ ಅಳತೆಗೆ ಮಾದರಿ ಕತ್ತರಿಸಿ ಹಿಂದಿನ ಕಟ್ಟಿನಲ್ಲಿಟ್ಟಿದ್ದಾಳಂತೆ, ಹೊಲಿಯಲು ಪುರುಸೊತ್ತಾಗಿರಲಿಲ್ಲವಂತೆ. ಹೇಳಿ ದಾರ ತರಲು ಹೋದಳು.

ಕಟ್ಟು ಬಿಚ್ಚಿದೆ. ಬೆನ್ನು, ತೋಳು ಎಲ್ಲ ಹಳೆಯ ಕ್ಯಾಲೆಂಡರಿನಲ್ಲಿದ್ದವು. ಕಾಲರು ಮಾತ್ರ ಬಿಳಿ ಕಾಗದ. ಕೈಗೆ ತೆಗೆದುಕೊಂಡ ಕೂಡಲೇ, ಎಷ್ಟು ಚೆನ್ನಾದ ಕಾಗದ, ಎಷ್ಟು ಬಿರುಸು ಅಂದುಕೊಂಡೆ. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣ ಎಳೆಯಲು ಮಗುಚಿದಾಗ ನನ್ನ ಹೆಸರು ಕಂಡಿತು.

ಅಚ್ಚಾದ ಅಕ್ಷರದಲ್ಲಿ ನನ್ನ ಹೆಸರು, ಅದರ ಕೆಳಗೆ ಅರ್ಜಿಯ ಸಂಖ್ಯೆ, ಮೇಲೆ ವಲಸೆ ಕಚೇರಿಯ ಮುದ್ರೆಯ ಅರ್ಧ. ಕತ್ತರಿ ಮುದ್ರೆಯ ನಡುವೆಯೇ ಹಾದುಹೋಗಿತ್ತು. ಕಟ್ಟನ್ನೆಲ್ಲ ನೆಲದ ಮೇಲೆ ಸುರುವಿ ಹುಡುಕಿದೆ. ಜೇಬಿನ ಮುಚ್ಚಳ ಒಂದು, ಕಫ್ ಒಂದು ಅದೇ ಕಾಗದದಲ್ಲಿದ್ದವು. ಮೂರನ್ನೂ ಜೋಡಿಸಿ ಇಸ್ತ್ರಿ ಮೇಜಿನ ಮೇಲಿಟ್ಟು ಬೆರಳಿಟ್ಟು ಓದಿದೆ. ಮುಚ್ಚಳದಲ್ಲಿ ಮಗಳ ಹೆಸರಿತ್ತು. ಅವಳ ವೈದ್ಯಕೀಯ ತಪಾಸಣೆಯ ವರದಿ ಕಳಿಸಬೇಕು, ಅರವತ್ತು ದಿನದೊಳಗೆ. ಕಳಿಸದಿದ್ದರೆ ಅರ್ಜಿ ಮುಚ್ಚಲಾಗುವುದು. ಕಫ್‌ನಲ್ಲಿ ತಾರೀಖಿತ್ತು. ಹದಿನಾಲ್ಕು ತಿಂಗಳ ಹಿಂದಿನದು.

ಮೊದಲು ನನಗೆ ಅಕ್ಕನ ಮೇಲೆ ಅನುಮಾನವೇ ಬರಲಿಲ್ಲ ಅಂದರೆ ನೀವು ನಂಬಬೇಕು. ಕಣ್ತಪ್ಪಿನಿಂದ ಆಗಿರಬೇಕು, ಅಪ್ಪ ಅಂಕಪಟ್ಟಿ ಕತ್ತರಿಸಿದ ಹಾಗೆ ಅಂದುಕೊಂಡೆ. ಆಮೇಲೆ ಬುದ್ಧಿ ಬಂತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಕ್ಕನಿಗೆ ಬರುತ್ತದೆ.

ಅವಳು ದಾರ ತರುವಷ್ಟರಲ್ಲಿ ತುಂಡುಗಳನ್ನು ನನ್ನ ಚೀಲದಲ್ಲಿ ಬಚ್ಚಿಟ್ಟಿದ್ದೆ. ಮೂಗಿನ ತುದಿಯ ಕೋಪದವಳು ಬಾಯಿಗೆ ಬೀಗ ಹಾಕಿಕೊಂಡು ಸಂಜೆಯವರೆಗೆ ಒಬ್ಬ ಮುದುಕನ ಪ್ಯಾಂಟಿಗೆ ಅಂಚು ಮಡಿಚಿದೆ, ಮೂರು ಸಲ ಬಿಚ್ಚಿ ಮೂರು ಸಲ ಹಾಕಿದೆ. ಮಂಗಳವಾರ ಹಲ್ಲುನೋವು ಅಂತ ಸುಳ್ಳು ಹೇಳಿ, ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಪುಕ್ಕಟೆ ಸಲಹೆ ಕೊಡುವ ವಕೀಲೆಯ ಹತ್ತಿರ ಹೋದೆ.

ವಕೀಲೆ ನನಗಿಂತ ಚಿಕ್ಕವಳು. ಕತ್ತರಿಸಿದ ತುಂಡುಗಳನ್ನು ನೋಡಿ, ಇದು ಹೀಗೇಕಿದೆ ಅಂತ ಕೇಳಿದಳು. ಕಾಲರು ಅಂದೆ. ಅವಳು ಮತ್ತೆ ಕೇಳಲಿಲ್ಲ. ಕಂಪ್ಯೂಟರಿನಲ್ಲಿ ಸಂಖ್ಯೆ ಹಾಕಿ ನೋಡಿ, ಅರ್ಜಿಯನ್ನು ವರ್ಷದ ಹಿಂದೆಯೇ ಮುಚ್ಚಿದ್ದಾರೆ, ಎರಡು ಸಲ ನೆನಪಿನ ಪತ್ರವನ್ನೂ ಕಳಿಸಿದ್ದಾರೆ ಅಂದಳು. ನನ್ನ ಮುಖ ನೋಡಿ ಕುಡಿಯಲು ನೀರು ಕೊಟ್ಟಳು. ಹಳೆಯದು ಹೋಯಿತು, ಆದರೆ ಹೊಸದು ಹಾಕಬಹುದು ಅಂದಳು. ಮಗಳ ವಯಸ್ಸನ್ನು ಲೆಕ್ಕ ಹಿಡಿಯುವುದು ಪೂರ್ತಿ ತುಂಬಿದ ಅರ್ಜಿ ಕಚೇರಿ ತಲುಪಿದ ದಿನಕ್ಕೆ. ಹುಟ್ಟಿದ ದಿನ ಯಾವಾಗ ಅಂತ ಕೇಳಿದಳು. ಇನ್ನು ಇಪ್ಪತ್ತೊಂದು ದಿನ ಅಂದೆ.

ಸಾಕು ಅಂದಳು ಪುಣ್ಯಾತ್ಗಿತ್ತಿ. ಮಗಳ ತಪಾಸಣೆ ಮೂರು ದಿನದ ಕೆಲಸ. ಬಾಕಿ ಕಾಗದವೆಲ್ಲ ಹಳೆಯ ಕಡತದಲ್ಲೇ ಇದೆ. ಬೇಕಾಗಿರುವುದು ಒಂದೇ, ಕೆಲಸ ಕೊಟ್ಟವರ ಹೊಸ ಪತ್ರ, ಇವಳ ಕೆಲಸ ಇನ್ನೂ ಇದೆ ಅಂತ, ಸಹಿ ಸಮೇತ. ಆ ಪತ್ರವನ್ನೂ ಅವಳೇ ಟೈಪ್ ಮಾಡಿ ಕೊಟ್ಟಳು. ಒಂದು ಹಾಳೆ, ಕೊನೆಯಲ್ಲಿ ಒಂದು ಖಾಲಿ ಗೆರೆ. ತುಂಡುಗಳ ನಕಲು ತೆಗೆದುಕೊಂಡು ಅಸಲನ್ನು ನನಗೇ ಹಿಂದಿರುಗಿಸಿದಳು.

ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಫೋನ್ ಮಾಡಿದೆ. ನಾಳೆಯೇ ತಪಾಸಣೆಗೆ ಹೋಗು ಅಂದೆ. ಸಿಕ್ಕಿತಾ ಅಮ್ಮ ಅಂದಳು. ಸಿಗುತ್ತೆ, ಈ ಸಲ ಸಿಗುತ್ತೆ ಅಂದೆ. ಚಿಕ್ಕಮ್ಮನನ್ನು ಕೂಗಿ ಹೇಳಿದ್ದು ನನಗೆ ಕೇಳಿಸಿತು.

ಬುಧವಾರ ಅಂಗಡಿ ತೆರೆಯುವ ಮೊದಲು, ಅಕ್ಕ ಇಸ್ತ್ರಿ ಹಾಕುತ್ತಿದ್ದಾಗ, ಮೂರು ತುಂಡುಗಳನ್ನೂ ಅವಳ ಮುಂದಿಟ್ಟೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ವೈರು ಕಿತ್ತು, ಸುತ್ತಿಟ್ಟಳು. ಅದಕ್ಕೇ ಒಂದು ನಿಮಿಷ ತೆಗೆದುಕೊಂಡಳು. ಮರೆತೇಹೋಯಿತು ಅಂದಳು. ಮೂರು ಪತ್ರವನ್ನೂ ಮರೆತೆಯಾ ಅಂತ ಕೇಳಿದೆ. ಆಗ ಕುರ್ಚಿ ಎಳೆದುಕೊಂಡು ಕೂತಳು.

ನನಗಿಂತ ಮೊದಲು ಇಲ್ಲಿ ಒಬ್ಬಳಿದ್ದಳು, ಕನ್ನಡಕದವಳು ಅನ್ನುತ್ತಿದ್ದರು. ಅವಳ ಕತೆಯನ್ನು ಅಕ್ಕ ನನಗೆ ನೂರು ಸಲ ಹೇಳಿದ್ದಾಳೆ. ಪಿ.ಆರ್. ಬಂದ ಮರುವಾರವೇ ಕೆಲಸ ಬಿಟ್ಟು, ಎರಡು ಬೀದಿಯಾಚೆ ತನ್ನದೇ ಅಂಗಡಿ ಹಾಕಿ, ಅರ್ಧ ಗಿರಾಕಿಗಳನ್ನು ಎಳೆದುಕೊಂಡಳು. ಆ ಕತೆಯನ್ನು ಮತ್ತೆ ಶುರು ಮಾಡಿದಳು. ನಾನು ಅವಳಲ್ಲ, ನಾನು ನಿನ್ನ ತಂಗಿ ಅಂದೆ. ಅಕ್ಕ ತಲೆ ಎತ್ತಿ ನೋಡಿದಳು.

"ನೀನು ಅವಳಲ್ಲ ಅಂತ ನಂಗೂ ಗೊತ್ತು. ಒಂದು ಮಾತು ಹೇಳು. ಮಗಳು ಬಂದ್ಮೇಲೆ ಆ ಹಿಂದಿನ ರೂಮಲ್ಲಿ ಇರ್ತೀಯಾ?"

ಸುಳ್ಳು ಹೇಳಬಹುದಿತ್ತು. ಅವಳ ಹಾಗೆ ಸಲೀಸಾಗಿ ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಇರಲ್ಲ ತಾನೆ. ಅಷ್ಟೇ ಕಣೆ. ಒಬ್ಳೇ ಇದ್ದೂ ಇದ್ದೂ ಸಾಕಾಗಿತ್ತು ನಂಗೆ."

ಮೈಯೆಲ್ಲಾ ಉರಿದುಹೋಯಿತು. ನಿನಗೆ ಸಾಕಾಗಿದ್ದಕ್ಕೆ ನನ್ನ ಮಗಳು ತಾಯಿಯಿದ್ದೂ ತಬ್ಬಲಿಯಾಗಬೇಕಾ, ಅವಳು ದೊಡ್ಡವಳಾದಾಗ ಬೇರೆಯವರು ಬುದ್ಧಿ ಹೇಳಬೇಕಾಯಿತು, ಜ್ವರ ಬಂದಾಗ ಬೇರೆಯವರು ಹಣೆ ಮುಟ್ಟಿ ನೋಡಬೇಕಾಯಿತು ಅಂತ ಬಾಯಿಗೆ ಬಂದಿದ್ದೆಲ್ಲ ಅಂದೆ. ಅಕ್ಕ ಅತ್ತಳು. ಅವಳು ಅತ್ತರೆ ನನಗೆ ಈಗಲೂ ಕರುಳು ಚುರುಕ್ಕೆನ್ನುತ್ತದೆ, ಏನು ಮಾಡಲಿ, ನನ್ನನ್ನು ಎತ್ತಿ ಆಡಿಸಿದವಳು. ಪತ್ರ ಮುಂದಿಟ್ಟೆ, ಸಹಿ ಹಾಕು, ಹಳೆಯದನ್ನೆಲ್ಲ ಮರೆತುಬಿಡುತ್ತೇನೆ ಅಂದೆ.

ಹಾಕುತ್ತೇನೆ, ಆದರೆ ಶುಕ್ರವಾರ ಕಳೆಯಲಿ ಅಂದಳು. ಈಗ ತನ್ನ ಹೆಸರಿನಲ್ಲಿ ಹೊಸ ಪತ್ರ ಹೋದರೆ ಹಳೆಯದಕ್ಕೆ ಯಾಕೆ ಉತ್ತರ ಕೊಡಲಿಲ್ಲ ಅಂತ ಕೆದಕುತ್ತಾರೆ, ಹದಿನಾರು ವರ್ಷ ಕಾದ ಪೌರತ್ವಕ್ಕೆ ಕಲ್ಲು ಬೀಳುತ್ತದೆ. ಪ್ರಮಾಣ ಮುಗಿಯಲಿ, ಅಲ್ಲೇ, ಆ ಸಭಾಂಗಣದಲ್ಲೇ ಹಾಕುತ್ತೇನೆ. ಪೌರಳಾಗಿ ನಾನು ಹಾಕುವ ಮೊದಲ ಸಹಿ ನಿನ್ನದೇ. ಅಪ್ಪನ ಆಣೆ ಅಂದಳು.

ಶುಕ್ರವಾರಕ್ಕೆ ಎರಡೇ ದಿನ. ಆಮೇಲೂ ಎರಡೂವರೆ ವಾರ ಇರುತ್ತದೆ ಅಂತ ಬೆರಳು ಮಡಿಚಿ ಎಣಿಸಿ ಒಪ್ಪಿಕೊಂಡೆ. ಮತ್ತೆ ನಂಬಿದೆ. ನನ್ನ ಕೋಪ ಎಂಥ ಕೋಪವೋ ಕಾಣೆ, ಅಕ್ಕನ ಕಣ್ಣೀರಿನ ಮುಂದೆ ಎರಡು ನಿಮಿಷ ನಿಲ್ಲುವುದಿಲ್ಲ.

ಕೋಟು ಹೊಲಿದೆ. ಇಷ್ಟು ಚೆನ್ನಾಗಿ ನಾನು ಯಾರಿಗೂ ಹೊಲಿದಿಲ್ಲ, ನನ್ನ ಮಗಳಿಗೂ. ಕಾಲರು ಕೂರಿಸುವಾಗ ಕೈ ನಿಂತಿತು. ಒಳಗೆ ಗಟ್ಟಿ ಕ್ಯಾನ್ವಾಸು ಹಾಕಿ ಮೇಲೆ ಬಟ್ಟೆ ಮುಚ್ಚಬೇಕು. ಕ್ಯಾನ್ವಾಸಿನ ಮೇಲೆ ಆ ಮೂರು ತುಂಡುಗಳನ್ನು ಇಟ್ಟು, ಕಚ್ಚಾ ಹೊಲಿಗೆ ಹಾಕಿ, ಬಟ್ಟೆ ಮುಚ್ಚಿ ಹೊಲಿದುಬಿಟ್ಟೆ. ಯಾಕೆ ಅಂದರೆ ಹೇಳಲು ಬರುವುದಿಲ್ಲ. ನಂಬಿದ್ದೆ ಅಂದೆನಲ್ಲ, ಪೂರ್ತಿ ನಂಬಿರಲಿಲ್ಲ ಅಂತ ಕಾಣುತ್ತದೆ. ಹಾಕಿ ನೋಡುವಾಗ ಅಕ್ಕ ಕತ್ತು ತಿರುಗಿಸಿದಳು, ಸರಸರ ಅಂದಿತು. ಏನದು ಸದ್ದು ಅಂತ ಕೇಳಿದಳು. ಹೊಸ ಕ್ಯಾನ್ವಾಸು, ಎದ್ದು ನಿಲ್ಲಬೇಕು ಅಂದಿದ್ದೆಯಲ್ಲ ಅಂದೆ.

ಶುಕ್ರವಾರ ಸಭಾಂಗಣದಲ್ಲಿ ನೂರು ಜನ. ಮುಂದಿನ ಸಾಲುಗಳಲ್ಲಿ ಪ್ರಮಾಣ ಮಾಡುವವರು, ಹಿಂದೆ ನಮ್ಮಂಥವರು. ಒಬ್ಬ ಅಧಿಕಾರಿ ಒಂದೊಂದೇ ಸಾಲು ಹೇಳಿದ, ಎಲ್ಲರೂ ಬಲಗೈ ಎತ್ತಿ ಅವನ ಹಿಂದೆ ಹೇಳಿದರು. ನಾನು ಅಕ್ಕನ ನೀಲಿ ಕಾಲರನ್ನೇ ನೋಡುತ್ತಾ ಕೂತಿದ್ದೆ. ಅದು ಎಷ್ಟು ಚೆನ್ನಾಗಿ ಎದ್ದು ನಿಂತಿತ್ತೆಂದರೆ ಪಕ್ಕದಲ್ಲಿದ್ದ ಹೆಂಗಸು ಎಲ್ಲಿ ಹೊಲಿಸಿದ್ದು ಅಂತ ಕೇಳಿದಳು.

ಮುಗಿದ ಮೇಲೆ ಅಕ್ಕ ಕೈಯಲ್ಲಿ ಪ್ರಮಾಣಪತ್ರ ಹಿಡಿದು ಬಂದಳು. ಮುಖ ಅರಳಿತ್ತು. ತಬ್ಬಿಕೊಂಡಳು. ನಾನು ಚೀಲದಿಂದ ಪತ್ರ ತೆಗೆದೆ, ಪೆನ್ನು ತೆಗೆದೆ, ಗೋಡೆ ಪಕ್ಕದ ಮೇಜಿನ ಮೇಲಿಟ್ಟೆ. ಅಕ್ಕ ಪತ್ರವನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಒಂದೊಂದು ಪದವನ್ನೂ ಓದಿದಳು. ಕೊನೆಯ ಖಾಲಿ ಗೆರೆಯವರೆಗೂ ಓದಿದಳು. ಆಮೇಲೆ ಕಾಗದದ ಮೂಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದಳು.

ಅವಳಿಗೆ ಗೊತ್ತಾಗಲಿಲ್ಲ. ಕೈ ತನ್ನಷ್ಟಕ್ಕೆ ಮಾಡಿತು. ನನಗೆ ಮಾತ್ರ ಅಷ್ಟು ಸಾಕಾಯಿತು.

"ಈ ಗಲಾಟೇಲಿ ಯಾಕೆ? ಒಳ್ಳೆ ದಿನ ಇವತ್ತು. ಸೋಮವಾರ ನಿಧಾನಕ್ಕೆ ಕೂತು ನೋಡೋಣ" ಎಂದು ಪತ್ರವನ್ನು ನಾಲ್ಕು ಮಡಿಕೆ ಮಾಡಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಸೋಮವಾರದ ಹಿಂದೆ ಇನ್ನೊಂದು ಸೋಮವಾರ ಬರುತ್ತದೆ, ಅದರ ಹಿಂದೆ ಹುಟ್ಟುಹಬ್ಬ ಬರುತ್ತದೆ. ಕೂಗಿದ್ದರೆ ಮುಂಗೋಪದ ತಂಗಿ ಅಂತ ಅವಳು ಸುತ್ತಲಿನವರಿಗೆ ಹೇಳಿಬಿಡುತ್ತಿದ್ದಳು. ನಾನು ಕೈ ಚಾಚಿದೆ.

"ಕೊಡಕ್ಕ ಇಲ್ಲಿ. ಅದು ತೆಳು ಕಾಗದ, ಕಾಲರಿಗೆ ಆಗಲ್ಲ. ದಪ್ಪದ್ದು ನಿನ್ನ ಕುತ್ತಿಗೇಲೇ ಇದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕೈ ಮೆಲ್ಲಗೆ ಕಾಲರಿಗೆ ಹೋಯಿತು. ಒತ್ತಿ ನೋಡಿದಳು, ಸರಸರ ಅಂದಿತು. ಒಳಗಿನ ಕಚ್ಚಾ ಹೊಲಿಗೆ ಬೆರಳಿಗೆ ಸಿಕ್ಕಿರಬೇಕು, ಅವಳೂ ದರ್ಜಿಯ ಮಗಳೇ ತಾನೆ. ಮುಖ ಸುಣ್ಣ ಬಳಿದ ಹಾಗಾಯಿತು. ಆದರೂ ಕೈಚೀಲ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಎಣಿಸಲಿಲ್ಲ, ಆದರೆ ಸಹಿ ಹಾಕುವ ಮನಸ್ಸಿದ್ದವಳಿಗೆ ಸಾಕಾಗುವಷ್ಟು ಹೊತ್ತು ಕಾದೆ.

"ನೀನು ಹೋದ್ರೆ ನಂಗೆ ಯಾರಿದ್ದಾರೆ?" ಅಂದಳು ಕೊನೆಗೆ.

ಅದು ಅವಳು ನನ್ನ ಹತ್ತಿರ ಆಡಿದ ನಿಜವಾದ ಮಾತು. ಪೆನ್ನನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೆ ಬಂದೆ.

ಹೊರಗೆ ಬಿಸಿಲಿತ್ತು. ಹೊಸದಾಗಿ ಪೌರರಾದವರು ಮೆಟ್ಟಿಲ ಮೇಲೆ ಮಕ್ಕಳು ಮರಿಗಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದೆ. ತಪಾಸಣೆ ಮುಗಿಯಿತಮ್ಮ, ಮೂರು ಸೂಜಿ ಚುಚ್ಚಿದರು, ನಾನು ಅಳಲಿಲ್ಲ ಅಂದಳು. ಗೆಳತಿಯರಿಗೆಲ್ಲ ಹೇಳಿದ್ದಾಳಂತೆ. ಪುಸ್ತಕ ಯಾರಿಗೆ, ಸೈಕಲ್ ಯಾರಿಗೆ ಅಂತ ಹಂಚಿಯೂ ಆಗಿದೆಯಂತೆ.

"ಪುಟ್ಟಿ, ನೀನು ಬರೋದು ಬೇಡ. ನಾನೇ ಬರ್ತೀನಿ" ಅಂದೆ. "ನಿನ್ನ ಹುಟ್ಟುಹಬ್ಬಕ್ಕೆ ಅಲ್ಲಿರ್ತೀನಿ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಬರ್ತೀನಿ ಅಂತ ಎಷ್ಟು ಸಲ ಹೇಳಿದ್ದೀಯ ಅಮ್ಮ" ಅಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. ನನ್ನ ಮಗಳಿಗೆ ನನ್ನ ಕೋಪ ಬಂದಿಲ್ಲ, ಬಂದಿದ್ದರೆ ಚೆನ್ನಾಗಿತ್ತು. "ಕರೆಸಿಕೊಳ್ತೀನಿ ಅಂತ ಎಷ್ಟು ಸಲ ಹೇಳಿದ್ದೀಯ. ಇನ್ನೂ ಬಂದಿಲ್ಲ, ಆಮೆ ಕೆಲಸ ಅಂತಾನೂ ನೀನೇ ಹೇಳ್ತಿದ್ದೆ."

ಅದು ದೊಡ್ಡಮ್ಮನ ಮಾತು ಕಂದ, ನಂದಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಅವಳು ಕೇಳಿದ್ದು ನನ್ನ ದನಿಯಲ್ಲಿ, ಪ್ರತಿ ಭಾನುವಾರ. ಅಕ್ಕ ನನ್ನೊಬ್ಬಳಿಗೆ ಸುಳ್ಳು ಹೇಳಿದಳು, ಅದನ್ನು ಮಗಳಿಗೆ ಮುಟ್ಟಿಸಿದವಳು ನಾನು.

"ಈ ಸಲ ನಿಜ" ಅಂದೆ.

"ಟಿಕೆಟಿನ ಫೋಟೋ ಕಳ್ಸು. ಆಮೇಲೆ ನಂಬ್ತೀನಿ" ಎಂದು ಫೋನ್ ಇಟ್ಟಳು.

ನಾನು ಅಂಗಡಿಗೆ ಹೋಗುವ ಬಸ್ಸನ್ನು ಬಿಟ್ಟು, ಟಿಕೆಟ್ ಮಾಡಿಕೊಡುವವನ ಅಂಗಡಿಯ ಕಡೆಗೆ ನಡೆದೆ. ಅವನು ಎರಡು ಕಡೆಯದೋ ಒಂದು ಕಡೆಯದೋ ಅಂತ ಕೇಳಿದ. ಒಂದೇ ಕಡೆಯದು ಅಂದೆ.